ನಾನೂರ ಹನ್ನೆರಡು

ಮೊಳಕೈ ಮಡಿಕೆಯಲ್ಲಿ ನರ ಹುಡುಕುವಾಗ
ಇಮಾಂಬಿ ಅತ್ತಾರ ಬಳೆ ಮೇಲೇರಿಸಿ
ಮುಖ ಕಿಟಕಿಗೆ ತಿರುಗಿಸಿದಳು.
ನವನಗರದ ಸೆಕ್ಟರು, ಹಗ್ಗ ಹಿಡಿದು ಗೀರಿದಂಥ ರಸ್ತೆ,
ಆಚೆ ಎಲ್ಲೋ ಹಿನ್ನೀರು.

ಮಧ್ಯಾಹ್ನ ಯಂತ್ರ ಚೀಟಿ ಉಗುಳಿತು: ನಾನೂರ ಹನ್ನೆರಡು.
ಮೂರು ವರ್ಷದ ಹಿಂದೆ ಅರವತ್ತೊಂದು.
"ಚಲೋ ಏರ್ಯಾವ ಚಾಚಿ" ಅಂದೆ.
ಆಕೆ ನಗಲಿಲ್ಲ.
"ಹೊಸಾವೇನ? ಇದ್ದಾವ ಮರಿ ಹಾಕ್ಯಾವೇನ?"

ಹನ್ನೊಂದು ವರ್ಷದ ನೌಕರಿಯಲ್ಲಿ
ಇದನ್ನು ಯಾರೂ ಕೇಳಿರಲಿಲ್ಲ.

ತಿಳಿದಷ್ಟು ಹೇಳಿದೆ.
ಎದೆಯೆಲುಬಿನ ಹಿಂದೆ ಒಂದು ಸಾಲಿ ಇತ್ತು,
ನೀವು ಕೂಸಿದ್ದಾಗ ಗಿಜಿಗಿಜಿ.
ನೂರು ಕೂತರೆ ಎರಡೋ ಮೂರೋ ಪಾಸು,
ತನ್ನವರನ್ನೇ ಕಚ್ಚುವವು ಅಲ್ಲೇ ಮಣ್ಣು.
ಈಗ ಅಲ್ಲಿ ಹೆಚ್ಚಿನದು ಕೊಬ್ಬು,
ಗಂಟೆ ಬಾರಿಸುವುದು ಅಪರೂಪ.

ಪಾಸಾದದ್ದು ಒಂದೊಂದೂ ಒಂದೊಂದು ಕೀಲಿ.
ಅದರ ಬೀಗ ಈ ಜನ್ಮದಲ್ಲಿ ಬಂದರೆ ಬಂತು.
ಬರದಿದ್ದರೂ ಕಾಯುತ್ತದೆ,
ಆಗೀಗ ಒಂದು ಗುಟುಕು ರಸ ಕುಡಿದು,
ನಮ್ಮದೇ ಮೈಯ ಮಂದಿಗೆ ಒಮ್ಮೆ ಭುಜ ತಾಗಿಸಿ;
ಜಗಳಕ್ಕಲ್ಲ,
"ಅದಿ ಏನ?" "ಅದೀನಿ" ಅನ್ನುವಷ್ಟು.

ಮಂದಿ ಸತ್ತಾಗ ಗುಟುಕು ಉಳಿಯುತ್ತದೆ.
ಉಳಿದವು ಅದನ್ನೂ ಕುಡಿದು
ಒಡೆದು ಎರಡಾಗಿ, ನಾಲ್ಕಾಗಿ
ಖಾಲಿ ಜಾಗ ತುಂಬುತ್ತವೆ.
ಲೆಕ್ಕ ಕೂಡುತ್ತದೆ ಚಾಚಿ.
ಗೊಂಚಲು ಭಾರ, ಕೀಲಿ ಮಾತ್ರ ಅವೇ ಅವೇ.

ಅರಳೆ ಒತ್ತಿಕೊಂಡೇ ಕೂತಿದ್ದಳು, ರಕ್ತ ನಿಂತು ಎಷ್ಟೋ ಹೊತ್ತಾಗಿತ್ತು.
"ನಮ್ಮ ಓಣಿನೂ ಹಂಗ ಆತು.
ಊರು ನೀರಾಗ ಹೋತು, ಇಲ್ಲಿ ಮನಿ ತುಂಬಿದವು.
ಮೊಬೈಲ್ ಅಂಗಡಿ ಹನ್ನೆರಡ ಅದಾವ,
ಕಲಾಯಿ ಹಾಕಾಂವ ಒಬ್ಬಾಂವ ಇಲ್ಲ.
ನನ್ನ ತಾಂಬ್ರದ ದೇಗ ಕಿಲಬ ಹಿಡದ ಕುಂತೈತಿ."

ಚೀಟಿ ನೋಡಿದೆ.
ನನ್ನ ಯಂತ್ರ ತಲೆ ಎಣಿಸುತ್ತದೆ,
ಹೆಸರು ಕೂಗುವುದಿಲ್ಲ.
"ಸಾಲಿ ಪೂರಾ ಮುಚ್ಚಿರೂದಿಲ್ರಿ" ಅಂದೆ, ಸುಮ್ಮನಿರಲಾರದೆ.
"ಹೊಸಾವೂ ನಾಕ ಇರತಾವ."

ಗುಳಿಗೆಯ ಕಿಟಕಿ ಎರಡಕ್ಕೆ ಮುಚ್ಚುತ್ತದೆಂದು
ಎದ್ದವಳು ಬಾಗಿಲಲ್ಲಿ ನಿಂತಳು.
"ಮುಧೋಳದಾಗ ಒಬ್ಬ ಕಲಾಯಿ ಮುದಕ ಇನ್ನೂ ಅದಾನಂತ.
ಐತವಾರ ದೇಗ ಹೊತಗೊಂಡ ಹೊಕ್ಕೀನಿ.
ಅಂವಗೂ ಯಾರರೆ ಬಂದ
ಅದಿ ಏನ ಅಂತ ಕೇಳಬೇಕಲ್ಲವಾ."