ಒಂದು ಬಕೆಟ್ಟಿನ ಲೆಕ್ಕ

ನಿನ್ನೆ ಮಧ್ಯಾಹ್ನ ಬಂದರು ಶೆಗುಲಾಬಾಯಿ,
ಮಗಳ ತೋಳು ಹಿಡಿದು, ಎರಡು ಬಾಗಿಲ ನಡುವಿನ
ಹನ್ನೊಂದು ಹೆಜ್ಜೆಗೆ ಎರಡು ಸಲ ನಿಂತು.
ಬಿಳೀ ಸೀರೆ, ರಬ್ಬರ್ ಚಪ್ಪಲಿ.
ಮೊಜೆಲ್‌ಳ ಕೂದಲೂ ಈಗ ಆ ಸೀರೆಯಷ್ಟೇ ಬಿಳಿ.

"ಸಂಜೆಯಿಂದ ದಾರ್‌ಫಳ್ಣಿ, ತುಂಗಾ.
ಬಾಗಿಲು ಮುಚ್ಚಿದರೆ ನಾಳೆ ಚುಕ್ಕಿ ಮೂಡಿದ ಮೇಲೆಯೇ.
ಸೀಮೆಎಣ್ಣೆಗೆ ಸರದಿ ನಿಲ್ಲುತ್ತಿದ್ದ ಕಾಲ, ನೆನಪಿದೆಯಾ,
ನಿನ್ನ ಬಕೆಟ್ ಸರಿಸಿ ನನ್ನದಿಟ್ಟಿದ್ದೆ ನಲ್ಲಿಗೆ.
ಕ್ಷಮಿಸು."

ನಕ್ಕುಬಿಟ್ಟೆ. ಯಾವ ಬಕೆಟ್ಟು, ಯಾವ ನಲ್ಲಿ!
ಮುನಿಸಿಪಾಲಿಟಿಯವರು ಅದನ್ನು ಕಿತ್ತು ಇಪ್ಪತ್ತು ವರ್ಷವಾಯಿತು.
ಅವರು ನಗಲಿಲ್ಲ.
"ಬಾಯಿಬಿಟ್ಟು ಹೇಳು. ನೀನು ಹೇಳದೆ
ಅವನೂ ಹೇಳುವಂತಿಲ್ಲ."
ಹೇಳಿದೆ.
ತಮ್ಮ ಬಾಗಿಲ ಚೌಕಟ್ಟಿನ ಪುಟ್ಟ ಡಬ್ಬಿ ಮುಟ್ಟಿ
ಬೆರಳಿಗೆ ಮುತ್ತಿಟ್ಟು ಒಳಹೋದರು.
ಚಿಲಕ ಬಿತ್ತು.

ಇವತ್ತು ಗೋಡೆಯಾಚೆ ಒಗ್ಗರಣೆಯ ಸಿಡಿತವಿಲ್ಲ.
ಅಕ್ಟೋಬರಿನ ಈ ಡೋಂಗ್ರಿ ಸೆಕೆಯಲ್ಲಿ
ಗುಟುಕು ನೀರಿಲ್ಲದೆ ತೊಂಬತ್ತರ ಜೀವ
ಮರಾಠಿಯಲ್ಲೊಮ್ಮೆ, ನಾನರಿಯದ ಭಾಷೆಯಲ್ಲೊಮ್ಮೆ
ಏನನ್ನೋ ಒಪ್ಪಿಕೊಳ್ಳುತ್ತ ಮುಷ್ಟಿಯಿಂದ
ಎದೆ ತಟ್ಟಿಕೊಳ್ಳುತ್ತಿದೆ. ಸದ್ದು ಇಲ್ಲಿಗೆ ಬರುವುದಿಲ್ಲ.
ಆದರೂ ಎಣಿಸುತ್ತಿದ್ದೇನೆ.

ನೆನಪಿತ್ತು ನನಗೆ.
ಹಸಿರು ಬಕೆಟ್, ಹಿಡಿ ಮುರಿದದ್ದು.

ಎಂಬತ್ತೊಂದರಲ್ಲಿ ಪನ್ವೇಲಿನಿಂದ ಗಂಡಿನ ಕಡೆಯವರು ಬಂದಾಗ
ಅವರ ಮನೆಗೆ ಬೀಗ. ನನ್ನಲ್ಲಿ ಕೂತರು.
ಚಹಾ ಕೊಟ್ಟೆ, ಜೊತೆಗೆ ಒಂದು ಮಾತು:
"ಹುಡುಗಿ ಬರೋದು ರಾತ್ರಿ ಎರಡಕ್ಕೆ."
ಸುಳ್ಳಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನ ಪಾಳಿ
ಮುಗಿಯುತ್ತಿದ್ದುದೇ ಒಂದೂವರೆಗೆ.
ಪಾಳಿಯ ಹೆಸರೆತ್ತಲಿಲ್ಲ, ಅಷ್ಟೆ.
ಚಹಾ ಚೆನ್ನಾಗಿದೆ ಅಂದರು. ಮತ್ತೆ ಬರಲಿಲ್ಲ.

ಮಧ್ಯಾಹ್ನ ಅನ್ನ ಕಲಸಿದೆ. ಇಳಿಯಲಿಲ್ಲ.
ಇದನ್ನು ಉಪವಾಸ ಅನ್ನಬೇಡಿ,
ಎರಡು ಲೋಟ ನೀರು ಕುಡಿದಿದ್ದೇನೆ.

ಏಳಾಯಿತೇನೋ. ಆಚೆ ಬೆಂಕಿಕಡ್ಡಿ ಗೀರಿದ ಸದ್ದು,
ಆಮೇಲೆ ಚಿಲಕ.
ಮೊಜೆಲ್. ಕೈಯಲ್ಲಿ ತಟ್ಟೆ, ಕಾಯಿ ಹೂರಣದ ಪೂರಿ.
"ಅಮ್ಮ ಕಳಿಸಿದಳು. ನಿನ್ನೆ ಕರಿದದ್ದು, ಮೆತ್ತಗಾಗಿದೆ."
ಅವಳ ತುಟಿ ಒಡೆದಿತ್ತು; ಇನ್ನೂ ನೀರು ಕುಡಿದಂತಿರಲಿಲ್ಲ,
ನನಗೆ ಮೊದಲು ತಂದಿದ್ದಳು.

"ಬಾಗಿಲು ಹಾಕಬೇಡ," ಅಂದೆ. "ನಾನೇ ಬರ್ತೀನಿ."

ಹನ್ನೊಂದು ಹೆಜ್ಜೆ.
ನಾಲ್ಕನೆಯದರಲ್ಲಿ ನಿಂತೆ,
ಗೋಡೆ ಹಿಡಿದು.