ದರದ ಹಲಗೆಯ ಕೆಳತುದಿ

ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ,
ರೋಬಸ್ಟಾ ಚೆರಿ, ಕರಿಮೆಣಸು.
ಈ ನಾಲ್ಕು ಸಾಲು ನನ್ನ ಸಂಬಳದ್ದು.
ಕೆಳಗೆ ಒಂದು ಗೇಣು ಕಪ್ಪು ಉಳಿಯುತ್ತದೆ,
ಅದು ಯಾರ ಲೆಕ್ಕದಲ್ಲೂ ಇಲ್ಲ.

ಒಂದು ದಿನ ಮೆಣಸಿನ ದರ ಬರಲು ತಡವಾಯಿತು.
ಕೈಯಲ್ಲಿ ಸೀಮೆಸುಣ್ಣ ಇತ್ತು. ಬರೆದೆ:
‘ಬೆಳಿಗ್ಗೆ ಸೇತುವೆ ಮೇಲೆ ಯಾರೂ ಇರಲಿಲ್ಲ.
ಹೊಳೆ ಮಾತ್ರ ತಲೆ ಬಾಚಿಕೊಂಡೇ ಹೊರಟಿತ್ತು.’
ಮೊಯ್ದು ಹಾಜಿ ಕನ್ನಡಕ ಏರಿಸಿ ನೋಡಿದರು.
‘ಇದಕ್ಕೆ ಕಿಲೋಗೆ ಎಷ್ಟು?’ ಅಂದರು.
ಅಳಿಸು ಅನ್ನಲಿಲ್ಲ.

ಹಾಗೆ ಶುರುವಾಯಿತು ನಾಪೋಕ್ಲು ಪೇಟೆಯಲ್ಲಿ ನನ್ನ ಬರವಣಿಗೆ,
ಒದ್ದೆ ಬಟ್ಟೆಯಿಂದ ಒದ್ದೆ ಬಟ್ಟೆಯವರೆಗೆ ಅದರ ಆಯುಸ್ಸು.

ಓದುವವರು ಬರುತ್ತಿದ್ದದ್ದು ದರಕ್ಕೆ.
ಅದನ್ನು ಮರೆತ ದಿನವೇ ನಾನು ಕೆಟ್ಟೆ.
ಕುಶಾಲಪ್ಪ ಜೀಪಿನ ಇಂಜಿನ್ ಆರಿಸದೆ ಓದುತ್ತಾನೆ,
ಉದ್ದ ಬರೆದರೆ ನನ್ನಿಂದ ಅವನ ಡೀಸೆಲ್ ಖರ್ಚು.
ಅಚ್ಚವ್ವ ಪ್ರತಿ ಮಾತನ್ನೂ ತುಟಿಯೊಳಗೇ
ಕೊಡವ ತಕ್ಕಿಗೆ ಮಗುಚಿ ನೋಡುತ್ತಾಳೆ, ದೋಸೆಯ ಹಾಗೆ;
ಬೆಂದಿದ್ದರೆ ತಲೆಯಾಡಿಸುತ್ತಾಳೆ.
ಮೀನಿನ ಆಲಿಕುಟ್ಟಿ ಕನ್ನಡ ಕಲಿತದ್ದು ಬಸ್ಸಿನ ಬೋರ್ಡು ನೋಡಿ.
ಅವನಿಗೆ ಹೆಸರುಗಳೆಲ್ಲ ಬರುತ್ತವೆ,
ಕ್ರಿಯಾಪದ ಬರುವುದಿಲ್ಲ.
ನಾನೋ, ಮನೆಯಲ್ಲಿ ಅರೆಭಾಷೆಯವಳು.
ಈ ಪೇಟೆಯಲ್ಲಿ ಕನ್ನಡ ನಮಗೆಲ್ಲ ಬಾಗಿಲಾಚೆಯ ಚಪ್ಪಲಿ:
ಒಳಗೆ ಹೋಗುವಾಗ ಬಿಡುತ್ತೇವೆ,
ಆದರೆ ಒಬ್ಬರ ಹತ್ತಿರ ಒಬ್ಬರು
ಅದನ್ನು ಮೆಟ್ಟಿಯೇ ಬಂದಿದ್ದೇವೆ.

ಒಮ್ಮೆ ಆನೆಯ ಬಗ್ಗೆ ಬರೆದೆ. ನಕ್ಕರು.
ಮರುದಿನವೂ ಆನೆ. ಇನ್ನೂ ನಕ್ಕರು.
ಆ ವಾರ ಪೂರ್ತಿ ನನ್ನ ಒಂದು ಗೇಣಿನಲ್ಲಿ ಆನೆಯೇ ಮೇಯಿತು,
ಬೇಲಿ ಮುರಿದ ಆನೆ, ಹಲಸಿಗೆ ಕಾದ ಆನೆ,
ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟ ಆನೆ.
ಬರೆಯುವ ಮೊದಲೇ ಅವರ ಹಲ್ಲು ಕಾಣುತ್ತಿತ್ತು ನನಗೆ.
ಶನಿವಾರ ಆಲಿಕುಟ್ಟಿ ಕೇಳಿದ:
‘ಜಲಜಕ್ಕಾ, ಆನೆಗೆ ನಾಳೆ ರಜೆಯಾ?’
ಎಲ್ಲ ನಕ್ಕರು, ನಾನೂ.
ರಾತ್ರಿ ಬೆರಳಿನ ಸುಣ್ಣ ತೊಳೆಯುವಾಗ
ನಗು ಬರಲಿಲ್ಲ.

ಸೋಮವಾರ ಬರೆದೆ:
‘ನನ್ನ ತಂಗಿ ಮಾತು ಬಿಟ್ಟು ಹನ್ನೊಂದು ವರ್ಷ.
ಅವಳ ದನಿ ಮರೆತುಹೋಗಿದೆ, ಕೆಮ್ಮು ಮಾತ್ರ ನೆನಪಿದೆ.’

ಜೀಪು ನಿಂತಿತು. ಹೋಯಿತು.
ಅಚ್ಚವ್ವ ಮಗುಚಲೇ ಇಲ್ಲ, ಚೀಲದ ಬಾಯಿ ಬಿಗಿದು ಕಟ್ಟಿದಳು.
ಹಾಜಿ ತೇವ ಅಳೆಯುವ ಯಂತ್ರವನ್ನು
ಮೂರು ಸಲ ಒರೆಸಿದರು.
ಒದ್ದೆ ಬಟ್ಟೆ ಹಿಡಿದು ಹಲಗೆಯವರೆಗೆ ಹೋಗಿ
ವಾಪಸ್ಸು ಬಂದೆ. ಮತ್ತೆ ಹೋದೆ.
ಆನೆ ಎಲ್ಲಿ ಎಂದು ಒಬ್ಬನಾದರೂ ಕೇಳಬಾರದೇ?

ಸಂಜೆ ಕುಳ್ಳಿ ಬಂದಳು.
ಕರಿಗಾಳು ಹೆಕ್ಕಲು ನಮ್ಮಲ್ಲಿಗೇ ಬರುವವಳು,
ಎರವರ ಹಾಡಿಯಿಂದ. ಅಕ್ಷರ ಬಾರದು.
ನನ್ನ ಓದುಗರ ಪಟ್ಟಿಯಲ್ಲಿ ಅವಳನ್ನು ಸೇರಿಸಿರಲೇ ಇಲ್ಲ.
ಸೆರಗಿನ ಗಂಟು ಬಿಚ್ಚಿ ಆಡುಸೋಗೆ ಎಲೆ ಮುಂದಿಟ್ಟಳು:
‘ನಿನ್ನ ತಂಗಿ ಹನ್ನೊಂದು ವರ್ಷದಿಂದ ಕೆಮ್ಮಿ ಕೆಮ್ಮಿ
ಮಾತೇ ನಿಂತಿದೆಯಂತಲ್ಲ. ಜೇನಿನಲ್ಲಿ ಕೊಡು.’

ದಿನಾ ಮಧ್ಯಾಹ್ನ ಆಲಿಕುಟ್ಟಿ ಅವಳಿಗೆ ಹಲಗೆ ಹೇಳುತ್ತಿದ್ದನಂತೆ,
ಅವನ ಮಲಯಾಳದಲ್ಲಿ.
ಅವಳು ಕೇಳಿಸಿಕೊಳ್ಳುತ್ತಿದ್ದದ್ದು ತನ್ನ ಮಾತಿನಲ್ಲಿ.
ಎರಡು ಹೊಳೆ ದಾಟುವಷ್ಟರಲ್ಲಿ
ನನ್ನ ಕ್ರಿಯಾಪದಗಳೆಲ್ಲ ಕೊಚ್ಚಿಹೋಗಿದ್ದವು.
ತಪ್ಪು ಅನ್ನಲು ಬಾಯಿ ತೆರೆದೆ.
ಎಲೆ ಇನ್ನೂ ಬೆಚ್ಚಗಿತ್ತು,
ಸೊಂಟಕ್ಕೆ ಸಿಕ್ಕಿಸಿ ಅಷ್ಟು ದೂರ ನಡೆದದ್ದಕ್ಕೆ.

ಮನೆಯಲ್ಲಿ ಕುದಿಸಿದೆ. ಕಹಿ.
ನಾನೇ ಕುಡಿದೆ.

ಇವತ್ತು ರೋಬಸ್ಟಾ ಇಳಿದಿದೆ.
ಇಂಥ ದಿನ ಹಲಗೆಯ ಮುಂದೆ ಜನ ಹೆಚ್ಚು, ತಾಳ್ಮೆ ಕಡಿಮೆ.
ದರ ಬರೆದಾಯಿತು. ಒಂದು ಗೇಣು ಕಪ್ಪು.
ಸೀಮೆಸುಣ್ಣ ಉಗುರಿನಷ್ಟು.
ಕಾಳಿನ ರಾಶಿಯಿಂದ ಕುಳ್ಳಿ ತಲೆಯೆತ್ತಿ
‘ತಂಗಿ ಹೇಗಿದ್ದಾಳೆ?’ ಅನ್ನುತ್ತಾಳೆ.
ಬಾಯಲ್ಲೇ ಹೇಳಲೇ,
ಬರೆದು ಮಧ್ಯಾಹ್ನದವರೆಗೆ ಕಾಯಲೇ?

ಚೇರಂಬಾಣೆ ಕಡೆಯಿಂದ
ಮೀನಿನ ಗಾಡಿಯ ಹಾರ್ನ್.