ಶರಾ

ರಾಬರ್ಟ್‌ಸನ್‌ಪೇಟೆಯ ಅಂಗಡಿಗಳ ತಕ್ಕಡಿಗೆ
ಮೂರು ದಿನ ಮುದ್ರೆ ಒತ್ತುವ ಕೆಲಸ.
ಲಾಡ್ಜುಗಳೆಲ್ಲ ಯಾರದೋ ಮದುವೆಗೆ ಭರ್ತಿಯಾಗಿ
ನನ್ನನ್ನು ದಿಣ್ಣೆಯ ಮೇಲಿನ ಹಳೇ ಗೆಸ್ಟ್‌ಹೌಸಿಗೆ ಸಾಗಹಾಕಿದರು.
ಗಣಿಯ ದೊರೆಗಳ ಕಾಲದ್ದು. ಗೇಟಿನಲ್ಲಿ ಲೂರ್ದಮ್ಮ,
ಕೈಯಲ್ಲಿ ಟಾರ್ಚು, ಕಂಕುಳಲ್ಲಿ ರಿಜಿಸ್ಟರು.
ಹೆಸರು, ಎಲ್ಲಿಂದ, ಎಲ್ಲಿಗೆ, ಬಂದ ಉದ್ದೇಶ.
"ಕೊನೆ ಕಾಲಂ ಹೋಗುವಾಗ ಬರೆದರೆ ಸಾಕು ಮೇಡಂ."
ಕೊನೆ ಕಾಲಂ: ಶರಾ.

ಕೋಲಾರದ ಬಿಸಿಲಿಗೆ ಅಗ್ಗಿಷ್ಟಿಕೆ ಕಟ್ಟಿಸಿದ ಪುಣ್ಯಾತ್ಮ ಯಾರೋ!
ಅದರ ಬಾಯೊಳಗೆ ಈಗ ಇನ್ವರ್ಟರು.
ಹುಲಿಪಂಜದ ಕಾಲಿನ ಸ್ನಾನದ ತೊಟ್ಟಿಯಲ್ಲಿ
ಎರಡು ಪ್ಲಾಸ್ಟಿಕ್ ಬಕೆಟ್ಟು, ಒಂದು ಮಗ್ಗು.
ಮಂಚ ಹತ್ತಲು ಮುಕ್ಕಾಲಿ ಬೇಕು, ಇಟ್ಟಿದ್ದರು.
ಕಿಟಕಿಯ ಗಾಜಿನಲ್ಲಿ ಸಣ್ಣ ಅಲೆ,
ಅಲೆಯ ಆಚೆ ಸೈನೈಡ್ ದಿಬ್ಬ
ಬೆಳದಿಂಗಳಲ್ಲಿ, ಯಾರೋ ಜರಡಿ ಹಿಡಿದು
ರಾತ್ರಿಯಿಡೀ ಹಿಟ್ಟು ಸುರಿದ ಹಾಗೆ.
ಇಷ್ಟು ಕಲ್ಲು ಅರೆದದ್ದಕ್ಕೆ ಸಿಕ್ಕ ಚಿನ್ನವೆಷ್ಟು?
ವೃತ್ತಿಯ ಕೆಟ್ಟ ಚಟ. ಲೆಕ್ಕ ಶುರುಮಾಡಿ
ಸೊನ್ನೆಗಳು ಹೆಚ್ಚಾಗಿ ಬಿಟ್ಟೆ.

ರಸಂ ಬಡಿಸುತ್ತ ಲೂರ್ದಮ್ಮ ಗೋಡೆಯ ಬೀರು ತೋರಿಸಿದಳು:
"ಒಳಗೆ ಬಂಡೆ ಸಿಡಿದರೆ ಆ ಪಿಂಗಾಣಿ ಗಿಣಗಿಣ ಅನ್ನೋದು.
ದೊರೆಸಾನಿ ಓಡಿ ಬಂದು ಕಪ್ಪು ಎಣಿಸೋಳು.
ನಮ್ಮಜ್ಜಿ ಇಲ್ಲಿಂದ ಓಡಿಹೋಗಿ, ಶಾಫ್ಟಿನ ಬಾಯಲ್ಲಿ ನಿಂತು,
ಮೇಲೆ ಬಂದ ಗಂಡಸರನ್ನ ಎಣಿಸೋಳು.
ಇನ್ನೊಂದು ಸೌಟು ಹಾಕಲಾ?"

ಮೂರನೇ ಬೆಳಿಗ್ಗೆ ನನ್ನ ಮರದ ಪೆಟ್ಟಿಗೆ ತೆರೆದಿತ್ತು.
ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ಬಟ್ಟುಗಳು,
ದೊಡ್ಡದರಿಂದ ಚಿಕ್ಕದಕ್ಕೆ, ಶಾಲೆಯ ಸಾಲಿನಂತೆ.
ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಬಗ್ಗಿ
ಬಾಗಿಲು ಬಡಿಯದಂತೆ ಇಟ್ಟಿದ್ದ ಕಬ್ಬಿಣದ ಗುಂಡನ್ನು
ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟಳು.
ಒಂದು ಸೇರು. ಮೇಲಿನ ಕಿರೀಟ ಸವೆದು
ಸತ್ತ ಜೇಡದಂತೆ ಕಾಣುತ್ತಿತ್ತು.

"ಆಳುಗಳಿಗೆ ಅಕ್ಕಿ ಇದರಲ್ಲೇ, ಶನಿವಾರ ಶನಿವಾರ.
ತೂಕ ಕಡಿಮೆ ಅಂದಳಂತೆ ಅಜ್ಜಿ.
ತಾತ ಕಪಾಳಕ್ಕೆ ಬಿಟ್ಟ:
ಚಿನ್ನ ತೆಗೆಯೋ ದೊರೆ
ಹಿಡಿ ಅಕ್ಕಿಗೆ ಸುಳ್ಳಾಡ್ತಾನೇನೇ ಅಂತ."

ಎಂಬತ್ತು ತೊಲ ಇರಬೇಕು. ತಕ್ಕಡಿ ಒಪ್ಪಲಿಲ್ಲ.
ಇನ್ನೊಮ್ಮೆ, ತಟ್ಟೆ ಬದಲಿಸಿ. ಎಪ್ಪತ್ತೈದು.
ತುಕ್ಕು ತಿನ್ನುತ್ತದೆ, ಸವಕಳಿ ಇರುತ್ತದೆ,
ಎಂದೆಲ್ಲ ಇಲಾಖೆಯ ದನಿಯಲ್ಲಿ ಹೇಳುತ್ತಲೇ ಮಗುಚಿದೆ.
ತಳದಲ್ಲಿ ಸೀಸ ತುಂಬುವ ಕುಳಿ.
ಸೀಸ ಇರಲಿಲ್ಲ. ಸುತ್ತ
ಚೂಪಾಗಿ, ಸಮಾಧಾನವಾಗಿ ಕೆತ್ತಿದ ಉಳಿಯ ಗುರುತು.
ದೊರೆಯೋ, ಬಟ್ಲರೋ, ಉಗ್ರಾಣದ ಗುಮಾಸ್ತನೋ,
ಕಬ್ಬಿಣ ಅಷ್ಟೆಲ್ಲ ಹೇಳುವುದಿಲ್ಲ.

"ಸೇರಿಗೆ ಐದು ತೊಲ," ಅಂದೆ.
ಅವಳು ಬೆರಳು ಮಡಿಸಿದಳು: ವಾರಕ್ಕೆ ಮೂರು ಸೇರು,
ವರ್ಷಕ್ಕೆ ಐವತ್ತೆರಡು, ಮೂವತ್ತೊಂದು ವರ್ಷ…
ಅಲ್ಲಿಗೆ ಬೆರಳು ಬಿಚ್ಚಿಕೊಂಡವು.
"ಅಜ್ಜಿಗೆ ಸಾಯೋವರೆಗೂ ಎಡಗಿವಿ ಕೇಳ್ತಿರಲಿಲ್ಲ,"
ಎಂದು ಬೇರೇನೋ ಮಾತಿನಂತೆ ಹೇಳಿದಳು.

ಹೊರಡುವಾಗ ಶರಾ ಕಾಲಂ.
ನನ್ನ ಮೇಲಿನವರು: ಬಿಸಿನೀರು ಚೆನ್ನಾಗಿತ್ತು.
ಸೊಳ್ಳೆ ಜಾಸ್ತಿ. ಉತ್ತಮ. ಉತ್ತಮ.
ನಾನು: ಕಬ್ಬಿಣದ ಬಟ್ಟು, ಒಂದು ಸೇರು, ಪರೀಕ್ಷಿಸಲಾಗಿದೆ.
ಐದು ತೊಲ ಕಡಿಮೆ. ಸೀಸ ಬೇಕೆಂದೇ ತೆಗೆದದ್ದು.
"ಸೀಲೂ ಒತ್ತಿ," ಅಂದಳು. ಒತ್ತಿದೆ.
"ಓದಿ." ಓದಿದೆ.
"ಇನ್ನೊಂದು ಸಲ, ಸ್ವಲ್ಪ ಜೋರಾಗಿ."

ನಿಯಮದ ಪ್ರಕಾರ ಇದು ಜಪ್ತಿಯಾಗಬೇಕು ಎಂದೆ.
ದಿಬ್ಬದ ಕಡೆಯಿಂದ ಬೂದಿಬಣ್ಣದ ಗಾಳಿ ಎದ್ದಿತ್ತು.
ಅವಳು ಗುಂಡನ್ನು ಮೇಜಿನಿಂದ ಎತ್ತಿಕೊಂಡು
ಬಾಗಿಲ ಬುಡಕ್ಕೆ ಕಾಲಿಂದ ತಳ್ಳಿದಳು.
"ಇರಲಿ ಬಿಡಿ ಮೇಡಂ.
ಬಾಗಿಲಿಗೆ ಈ ತೂಕ ಸಾಕು."